ಟ್ಯಾಂಕಿಗೆ ಹುಳಿ ಬಂದ ವರ್ಷ

ಕೆಲಸ ಬಿಟ್ಟ ಮೇಲೆ ನನ್ನ ಮನೆಗೆ ಹುಡುಗ ಹುಡುಗಿಯರು ಬರುವುದು ಜಾಸ್ತಿಯಾಗಿದೆ. ಗೆಳತಿಯರ ಮಕ್ಕಳು, ಆ ಮಕ್ಕಳ ಸ್ನೇಹಿತರು. ಕಸಕಡ್ಡಿಯಿಂದ ಇಂಧನ ತೆಗೆಯುವ ಕಂಪನಿಗಳಲ್ಲಿ ಈಗ ಅವರಿಗೆ ಕೆಲಸ ಸಿಗುತ್ತಿದೆಯಂತೆ. ಸಾಂಟಾ ಕ್ಲಾರಾದ ನನ್ನ ಅಡುಗೆಮನೆಯ ಟೇಬಲ್ಲಿಗೆ ಮೊಣಕೈ ಊರಿ, "ಆಂಟಿ, ಎನಿ ಅಡ್ವೈಸ್?" ಎಂದು ಕೇಳುತ್ತಾರೆ. ನಾನು ಚಹಾ ಕೊಟ್ಟು ಕಳಿಸುತ್ತೇನೆ. ನಿಜ ಹೇಳಲು ಹೊರಟರೆ ಒಂದು ಮಧ್ಯಾಹ್ನ ಸಾಲದು, ಅಷ್ಟು ಹೊತ್ತು ಮಾತಾಡುವ ತ್ರಾಣವೂ ನನಗೀಗ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ ಬಂದದ್ದು ಒಂದೇ ಸಲ, ಅದರ ಜೊತೆಗೆ ಬಂದದ್ದು ಹೊಸ ಐಡಿ ಕಾರ್ಡು. ಆ ವಿಷಯ ಇಲ್ಲಿಗೇ ಸಾಕು.

ನಾನು ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಒಂದು ಚಿಪ್ ಕಾರ್ಖಾನೆಯಲ್ಲಿ ಕೊಳೆನೀರು ಶುದ್ಧ ಮಾಡುವ ವಿಭಾಗದಲ್ಲಿ ಇಪ್ಪತ್ತು ವರ್ಷ ಇದ್ದೆ. ಒಂದು ಸೋಮವಾರ ಆ ವಿಭಾಗವನ್ನೇ ಮುಚ್ಚಿದರು. ಆಗ ನನಗೆ ಐವತ್ತೆಂಟು. ಆಮೇಲಿನ ಒಂದು ಇಂಟರ್‌ವ್ಯೂನಲ್ಲಿ ಮೀಸೆ ಚಿಗುರದ ಹುಡುಗನೊಬ್ಬ, ಐದು ವರ್ಷ ಬಿಟ್ಟು ನೀವು ಎಲ್ಲಿರುತ್ತೀರಿ ಎಂದು ಕೇಳಿದ. ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತೇನೆ ಎಂದೆ. ಕೆಲಸ ಸಿಗಲಿಲ್ಲ.

ಆಗ ಕೈಹಿಡಿದವರು ಶ್ರೀಧರ್. ಮೈಸೂರಿನವರು, ಒಂದು ಪ್ಲಾಂಟಿನ ಮ್ಯಾನೇಜರು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಕೇಳಿದರು.

"ಮೇಡಂ, ನಮ್ಮ ಪ್ಲಾಂಟಿಗೆ ಲ್ಯಾಬ್ ನೋಡ್ಕೊಳ್ಳೋರು ಬೇಕು. ಬರ್ತೀರಾ?"

"ಎಂಥಾ ಪ್ಲಾಂಟು?"

"ಹೆಂಪ್ ಅಂತ ಕೇಳಿದ್ದೀರಲ್ಲ, ಭಂಗಿ ಜಾತೀದು. ಗಾಬರಿ ಆಗ್ಬೇಡಿ, ಇದರಲ್ಲಿ ಅಮಲು ಇರಲ್ಲ, ಬರೀ ಎಣ್ಣೆಕಾಳು. ಕಾಳು ಎಣ್ಣೆ ಗಾಣಕ್ಕೆ ಹೋಗತ್ತೆ. ಉಳಿಯೋ ದಂಟಿಂದ ನಾವು ಗ್ಯಾಸು ತೆಗೀತೀವಿ. ಲಾರಿ ಓಡಿಸೋ ಗ್ಯಾಸು."

ಹೂಂ ಎಂದೆ. ಸುದ್ದಿ ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನಿಗೆ ತಲುಪಲು ಎರಡು ದಿನ ಹಿಡಿಯಲಿಲ್ಲ. "ಏನವಾ ಮಂಗಲಾ, ಮುದುಕಿ ಆಗೂ ಹೊತ್ನ್ಯಾಗ ಭಂಗಿ ಕಾರ್ಖಾನಿ ಸೇರೀಯಂತಲ್ಲ? ಮಂದೀಗೆ ಏನಂತ ಹೇಳ್ಲಿ?" ಎಂದು ಫೋನು ಮಾಡಿದಳು.

"ಅಕ್ಕಾ, ಅದು ಸೇದೂ ಭಂಗಿ ಅಲ್ಲ. ಎಣ್ಣಿ ತೆಗಿಯೂದು. ನಮ್ಮ ಶೇಂಗಾ ಇದ್ದಂಗ ತಿಳಕೋ."

"ಹಂಗಾರ ಶೇಂಗಾನ ಬೆಳೀಬೇಕಿಲ್ಲೇನ ಮತ್ತ?"

ನಾನು ಫೋನನ್ನು ಯಜಮಾನರ ಕೈಗೆ ಕೊಟ್ಟೆ.

ಪ್ಲಾಂಟು ಎಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಮಾರ್ಗನ್ ಹಿಲ್ ಊರಾಚೆ ಒಂದು ತಗಡಿನ ಶೆಡ್ಡು, ದಂಟು ಕತ್ತರಿಸುವ ಯಂತ್ರ, ಸುಣ್ಣದ ನೀರಿನ ತೊಟ್ಟಿ, ಮತ್ತು ಎರಡು ಕಾರು ನಿಲ್ಲುವ ಗ್ಯಾರೇಜಿನಷ್ಟು ಜಾಗದಲ್ಲಿ ಗಾಳಿಯಾಡದ ಹಾಗೆ ಮುಚ್ಚಿದ ಒಂದು ಟ್ಯಾಂಕು. ದಂಟನ್ನು ಸಣ್ಣಗೆ ಕತ್ತರಿಸಿ, ಸುಣ್ಣದ ನೀರಿನಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಹತ್ತಿರದ ಡೇರಿಯ ಸಗಣಿ ಬೆರೆಸಿ ಟ್ಯಾಂಕಿಗೆ ಬಿಡುವುದು. ಒಳಗೆ ಅದು ನಿಧಾನಕ್ಕೆ ಕೊಳೆತು ಗ್ಯಾಸು ಬಿಡುತ್ತದೆ. ಊರಲ್ಲಿ ಗೋಬರ್ ಗ್ಯಾಸು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಇಲ್ಲಿಯವರು ಇದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿಟ್ಟು, ನನಗೆ ಬಿಳಿ ಕೋಟು ತೊಡಿಸಿ ಅದರ ಪಕ್ಕ ನಿಲ್ಲಿಸಿದ್ದರು.

ನಮಗೆ ದಂಟು ಕೊಡುತ್ತಿದ್ದವಳು ಟೆರೇಸಾ. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಕಡಿಮೆ. ಅವಳ ಅಪ್ಪ ಮನುವೆಲ್ ಮೆಕ್ಸಿಕೋದಿಂದ ಕೂಲಿಗೆ ಬಂದವರು. ಆಮೇಲೆ ತಾವು ಕೂಲಿ ಮಾಡಿದ ಹೊಲವನ್ನೇ ಗೇಣಿಗೆ ಹಿಡಿದು ಮೂವತ್ತು ವರ್ಷ ದೊಣ್ಣೆಮೆಣಸು, ಬೆಳ್ಳುಳ್ಳಿ ಬೆಳೆದಿದ್ದರು. ಅವರಿಗೆ ವಯಸ್ಸಾದ ಮೇಲೆ ಮಗಳು ಹೆಂಪ್ ಹಾಕಿದಳು. ಹೊಲದ ಒಡೆಯನಿಗೆ ಇವರನ್ನು ಬಿಡಿಸಿ ಆ ಜಾಗದಲ್ಲಿ ಗೋದಾಮು ಕಟ್ಟಿಸುವ ಆಸೆ. ಗೇಣಿ ಪತ್ರದಲ್ಲಿ ಒಂದು ಷರತ್ತಿತ್ತು. ಪ್ರತಿ ವರ್ಷ ನವೆಂಬರ್ ಮುಗಿಯುವುದರೊಳಗೆ ಹೊಲ ಖಾಲಿಯಾಗಿರಬೇಕು, ಇಲ್ಲವಾದರೆ ಗೇಣಿ ಅಲ್ಲಿಗೇ ಮುಗಿಯುತ್ತದೆ. ಕಾಳು ತೆಗೆದ ಮೇಲೆ ದಂಟು ಹೋಗಬೇಕಾದದ್ದು ನಮ್ಮ ಶೆಡ್ಡಿಗೆ. ನಾವು ಎತ್ತಿದರೆ ಅವಳಿಗೆ ಹೊಲ ಉಂಟು, ಎತ್ತದಿದ್ದರೆ ಇಲ್ಲ. "ಒಂದು ಕಡ್ಡಿ ಬಿಡದ ಹಾಗೆ ಎತ್ತುತ್ತೇವೆ" ಎಂದು ಅವಳ ಕೈಹಿಡಿದು ಮಾತು ಕೊಟ್ಟವಳು ನಾನೇ.

ಹೆಂಪ್ ದಂಟು ಎಂಥ ಪೀಡೆ ಎಂಬುದು ಪುಸ್ತಕದಲ್ಲಿ ಗೊತ್ತಾಗುವುದಿಲ್ಲ. ಅದರ ನಾರು ನಮ್ಮ ಪುಂಡಿನಾರಿನ ಹಾಗೆ ಗಟ್ಟಿ. ಹೊಲದಲ್ಲೇ ಉತ್ತು ಹೂಳೋಣವೆಂದರೆ ನೇಗಿಲ ತಟ್ಟೆಗಳಿಗೆ ಸುತ್ತಿಕೊಳ್ಳುತ್ತದೆ. ಸುಡೋಣವೆಂದರೆ ಹೊಗೆಯ ಕಾನೂನು ಬಿಡುವುದಿಲ್ಲ. ಮೊದಲ ವರ್ಷ ನಾನು ದಂಟನ್ನು ಗೇಣುದ್ದ ಕತ್ತರಿಸಿದರೆ ಸಾಕೆಂದು ಲೆಕ್ಕ ಹಾಕಿ ಬರೆದುಕೊಟ್ಟೆ. ಮೂರೇ ದಿನಕ್ಕೆ ಪಂಪಿನ ಹೊಟ್ಟೆಯೊಳಗೆ ನಾರು ಹೆಣೆದುಕೊಂಡು ಪಂಪು ಕೂತುಬಿಟ್ಟಿತು. ಆಪರೇಟರ್ ಟ್ವಾನ್, ವಿಯೆಟ್ನಾಮಿನ ಮನುಷ್ಯ, ಬೆಳಗಿನಿಂದ ಸಂಜೆವರೆಗೆ ಚಾಕು ಹಿಡಿದು ಅದನ್ನು ಕೊಯ್ದು ತೆಗೆದ. ಆಗ ಟೆರೇಸಾ ಬಂದು ನೋಡಿ, ಎರಡು ಬೆರಳು ಜೋಡಿಸಿ ತೋರಿಸಿ, "ಇಷ್ಟೇ ಇರಲಿ" ಎಂದಳು. ಅಷ್ಟೇ ಮಾಡಿದೆವು, ಸರಿಹೋಯಿತು. ನನ್ನ ಎಂ.ಎಸ್ಸಿ.ಗೆ ಅವತ್ತು ಸ್ವಲ್ಪ ಅವಮಾನವಾಯಿತು.

ಇನ್ನೊಂದು ಸಲ ದಂಟು ಬಿಗಿದು ಕಟ್ಟಿದ ಪೆಂಡಿಗಳನ್ನು ಹೇರಿದ ಲಾರಿಯಲ್ಲಿ ಟ್ವಾನ್ ಪಕ್ಕ ನಾನೂ ಕೂತಿದ್ದೆ. ಫ್ರೀವೇಯಲ್ಲಿ ಪೊಲೀಸು ನಿಲ್ಲಿಸಿದ. ದಂಟಿಗೆ ಅಮಲಿಲ್ಲದಿದ್ದರೂ ವಾಸನೆ ಅದೇ ತಾನೇ! ಅವನು ಮೂಗು ಮುಚ್ಚಿಕೊಂಡು ನನ್ನ ಹಣೆಯ ಕುಂಕುಮ ನೋಡಿದ, ತಲೆಯ ಹೆಲ್ಮೆಟ್ಟು ನೋಡಿದ, ಹಿಂದಿನ ಪೆಂಡಿ ನೋಡಿದ. "ಅಮ್ಮಾ, ಇದು ನಾನಂದುಕೊಂಡದ್ದೇ ಹೌದೋ?" ಎಂದ. ಪರೀಕ್ಷೆಯ ಕಾಗದ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ಓದುವಷ್ಟರಲ್ಲಿ ಒಂದು ಗಂಟೆ ಹೋಯಿತು. ಬಿಸಿಲಲ್ಲಿ ಕೂತು ನನ್ನ ತಲೆ ಚಿಟ್ಟು ಹಿಡಿದಿತ್ತು. ಮನೆಗೆ ಬಂದು ಹೇಳಿದರೆ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಮೇಲಿನವರ ಬಗ್ಗೆ ಹೇಳದಿದ್ದರೆ ಹೇಗೆ? ಓಕ್ಲ್ಯಾಂಡಿನ ಹೆಡ್ಡಾಫೀಸಿನಿಂದ ವೈಸ್ ಪ್ರೆಸಿಡೆಂಟ್ ಒಬ್ಬರು ವರ್ಷಕ್ಕೊಮ್ಮೆ ಹೊಳೆಯುವ ಬೂಟು ಹಾಕಿಕೊಂಡು ಬರುತ್ತಿದ್ದರು. ಸಗಣಿಯ ಗುಂಡಿಯ ಹತ್ತಿರ ಬಂದಾಗ ಅವರಿಗೆ ಯಾವಾಗಲೂ ಒಂದು ಫೋನು ಬರುತ್ತಿತ್ತು. ಒಮ್ಮೆ ಅವರು ಲ್ಯಾಬಿನ ನನ್ನ ನೋಟ್‌ಬುಕ್ಕುಗಳನ್ನು ನೋಡಿ, ಈ ಕಾಲದಲ್ಲೂ ಕೈಬರಹವೇ ಎಂದು ಹುಬ್ಬೇರಿಸಿದರು. ಮುಂದಿನ ತಿಂಗಳೇ ಟ್ಯಾಂಕಿಗೆ ಸೆನ್ಸರು, ಗೋಡೆಗೆ ದೊಡ್ಡ ಪರದೆ ಬಂತು. ಗ್ಯಾಸು ಎಷ್ಟು ಬರುತ್ತಿದೆ ಎಂಬುದು ಹಸಿರು ಗೆರೆಯಾಗಿ ಅದರಲ್ಲಿ ಕಾಣುತ್ತಿತ್ತು. ಮೊದಲೆಲ್ಲ ನಾನು ದಿನಾ ಬೆಳಿಗ್ಗೆ ಟ್ಯಾಂಕಿನಿಂದ ಒಂದು ಲೋಟ ತೆಗೆದು ಮೂಸಿ, ಹುಳಿ ಎಷ್ಟಿದೆ ಎಂದು ಕೈಯಾರೆ ಪರೀಕ್ಷೆ ಮಾಡುತ್ತಿದ್ದೆ. ಪರದೆ ಬಂದ ಮೇಲೆ ವಾರಕ್ಕೊಮ್ಮೆ ಸಾಕೆಂದರು. ನನಗೂ ಮಂಡಿನೋವು, ಏಣಿ ಹತ್ತುವುದು ತಪ್ಪಿತಲ್ಲ ಎಂದು ಸುಮ್ಮನಾದೆ. ಆ ಪರದೆ ಗ್ಯಾಸು ಎಷ್ಟೆಂದು ಮಾತ್ರ ತೋರಿಸುತ್ತಿತ್ತು, ಹುಳಿ ತೋರಿಸುತ್ತಿರಲಿಲ್ಲ.

ಇನ್ನು ಆ ವರ್ಷದ ಮಾತು. ನಾನು ಸೇರಿ ನಾಲ್ಕನೇ ವರ್ಷ.

ಟೆರೇಸಾಳ ಬೆಳೆ ಆ ಸಲ ತುಂಬ ಚೆನ್ನಾಗಿ ಬಂದಿತ್ತು. ಕಾಳು ತೆಗೆದಾಯಿತು, ದಂಟು ಹೊಲದಲ್ಲಿ ಒಣಗುತ್ತಿತ್ತು. ಬೆಳಗಿನ ಮಂಜು ಜಾಸ್ತಿ ಇದೆ, ಹಸಿಯಾಗಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಇನ್ನೆರಡು ದಿನ ತಡೆದು ಪೆಂಡಿ ಕಟ್ಟು ಎಂದು ಅಪ್ಪ ಹೇಳಿದರಂತೆ. ಸಾಕಷ್ಟು ಒಣಗಿದೆ ಎಂದು ಮಗಳು ಕಟ್ಟಿಸಿಯೇಬಿಟ್ಟಳು. ಮೊದಲ ಲಾರಿ ಬಂದಾಗ ನಾನು ಪೆಂಡಿಯೊಳಗೆ ಕೈ ತೂರಿಸಿ ದಂಟು ಎಳೆದು ಮುರಿದೆ, ಚಟ್ಟೆಂದು ಮುರಿಯಿತು. ತೇವ ಅಳೆಯುವ ಮೀಟರಿನಲ್ಲೂ ನೋಡಿದೆ. ಒಳ್ಳೆಯ ಒಣದಂಟು. ಹಾಗೆಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಿದೆ.

ಅದೇ ಸಮಯಕ್ಕೆ ದಸರಾ. ಸ್ಯಾನ್ ಹೋಸೆಯಲ್ಲಿ ನಮ್ಮವರು ಒಂದು ಸಭಾಂಗಣ ಹಿಡಿದು ಒಂಬತ್ತು ದಿನ ಪೂಜೆ, ಊಟ ಇಟ್ಟುಕೊಂಡಿದ್ದರು. ಶ್ರೀಧರ್ ಕಮಿಟಿಯಲ್ಲಿದ್ದರು, ನಾನು ಅಡುಗೆ ಮೇಲ್ವಿಚಾರಣೆ. ಮೊದಲ ಶನಿವಾರ ಅಂದುಕೊಂಡದ್ದರ ಅರ್ಧ ಜನವೂ ಬರಲಿಲ್ಲ. ಬಿಸಿಬೇಳೆಬಾತು, ಮೊಸರನ್ನ, ಶ್ಯಾವಿಗೆ ಪಾಯಸ ದೊಡ್ಡ ಪಾತ್ರೆಗಳಲ್ಲಿ ಹಾಗೇ ಉಳಿಯಿತು. ಕಟ್ಟಿ ಕೊಟ್ಟದ್ದಾಯಿತು, ಇನ್ನೂ ಉಳಿಯಿತು. ಬೇಯಿಸಿದ ಅಡುಗೆ ಬೇಡವೆಂದು ಅನ್ನ ಹಂಚುವ ಸಂಸ್ಥೆಯವರೂ ಹೇಳಿದರು. ಕಸದ ಡಬ್ಬಿಯ ಮುಂದೆ ಪಾತ್ರೆ ಹಿಡಿದು ನಿಂತರೆ ಕೈ ಬಾರದು. ತಟ್ಟೆಯಲ್ಲಿ ಒಂದಗಳು ಬಿಟ್ಟರೆ ನನ್ನವ್ವ ಬೆನ್ನಿಗೆ ಗುದ್ದುತ್ತಿದ್ದಳು. ಇದು ದೇವರ ಮುಂದಿಟ್ಟ ಅನ್ನ ಬೇರೆ.

"ಮೇಡಂ, ನಮ್ಮ ಟ್ಯಾಂಕಿಗೆ ಹಾಕಿದ್ರೆ?" ಎಂದರು ಶ್ರೀಧರ್. "ಅನ್ನ ಚೆಲ್ಲಿದ ಪಾಪ ಇಲ್ಲ. ಗ್ಯಾಸೂ ಬರತ್ತೆ."

"ಟ್ಯಾಂಕಿಗೆ ಊಟ ಹಾಕೋದಕ್ಕೆ ಪರ್ಮಿಟ್ಟು ಇಲ್ಲಲ್ರೀ ನಮಗೆ?"

"ಒಂದು ಸಲ ತಾನೇ. ಏನೂ ಆಗಲ್ಲ ಬಿಡಿ."

ವ್ಯಾನಿನಲ್ಲಿ ಹೇರಿಕೊಂಡು ಭಾನುವಾರ ಮಧ್ಯಾಹ್ನ ನಾವಿಬ್ಬರೇ ಹೋಗಿ ಸುರಿದೆವು. ಸುರಿಯುವ ಮುಂಚೆ ನಾನು ಕೈ ಮುಗಿದೆ, ಅದನ್ನೂ ಹೇಳಿಬಿಡುತ್ತೇನೆ. ಸೋಮವಾರ ಪರದೆಯ ಹಸಿರು ಗೆರೆ ಹಾರಿ ಮೇಲೇರಿತು. ಅಷ್ಟು ಗ್ಯಾಸು ನಾವು ಕಂಡೇ ಇರಲಿಲ್ಲ. ಶ್ರೀಧರ್ ಅದರ ಫೋಟೋ ತೆಗೆದು ಓಕ್ಲ್ಯಾಂಡಿಗೆ ಕಳಿಸಿದರು. ವೈಸ್ ಪ್ರೆಸಿಡೆಂಟರು ಶಭಾಸ್ ಎಂದರು. ಹೆಂಪ್ ದಂಟಿನಿಂದಲೇ ಇಷ್ಟು ಬಂತೆಂದು ಅವರು ತಿಳಿದರು, ನಾವು ಬಾಯಿ ಬಿಡಲಿಲ್ಲ.

ಆಮೇಲೆ ಒಂದು ಸಲ ಎಂಬುದು ರೂಢಿಯೇ ಆಯಿತು. ದಸರಾ ಮುಗಿಯುವವರೆಗೆ ದಿನಾ, ಆಮೇಲೆ ಶನಿವಾರ ಭಾನುವಾರ, ಎಲ್ಲಿ ಊಟ ಮಿಕ್ಕರೂ ನಮ್ಮ ವ್ಯಾನು. ದೀಪಾವಳಿ ಊಟದ ಹೋಳಿಗೆ ಹೂರಣವನ್ನೂ ಬಿಡಲಿಲ್ಲ. ನಲವತ್ತು ವರ್ಷ ದೋಸೆ ಹಿಟ್ಟು ರುಬ್ಬಿದ ಹೆಂಗಸು ನಾನು. ಅನ್ನ, ಬೆಲ್ಲ, ಬೇಳೆ ಬೆಚ್ಚಗೆ ಮುಚ್ಚಿಟ್ಟರೆ ಎಷ್ಟು ಬೇಗ ಹುಳಿ ಬರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಂಟು ತಿಂಗಳುಗಟ್ಟಲೆ ನಿಧಾನಕ್ಕೆ ಕರಗುವಂಥದು, ಅನ್ನ ಒಂದೇ ದಿನಕ್ಕೆ ಹುಳಿಯುವಂಥದು. ಆ ಹುಳಿ ಹೆಚ್ಚಾದರೆ ಗ್ಯಾಸು ಬಿಡುವ ಸೂಕ್ಷ್ಮಜೀವಿಗಳು ಸತ್ತೇಹೋಗುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ಏಣಿ ಹತ್ತಿ ಒಂದು ಲೋಟ ತೆಗೆದು ನೋಡಲಿಲ್ಲ. ಗೆರೆ ಮೇಲಿದೆಯಲ್ಲ ಎಂದುಕೊಂಡೆ. ಪುಣ್ಯದ ಕೆಲಸ ಬೇರೆ!

ದೀಪಾವಳಿ ಕಳೆದ ಬುಧವಾರ ಗೆರೆ ನೆಲಕ್ಕೆ ಬಿತ್ತು. ಟ್ವಾನ್ ಏಣಿ ಹತ್ತಿ ಲೋಟ ತೆಗೆದು ತಂದ. ಅದರಲ್ಲಿ ಒಂದು ಸಾಸಿವೆ ಕಾಳೂ ಒಂದು ಕರಿಬೇವಿನ ಎಲೆಯೂ ತೇಲುತ್ತಿತ್ತು. ಅವನು ಎಲೆಯನ್ನು ಬೆರಳಲ್ಲಿ ಎತ್ತಿ ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಲೋಟ ತೊಳೆಯಲು ಹೋದ. ಅವನಿಗೆ ಮೂವರು ಮಕ್ಕಳು, ಕೆಲಸ ಬೇಕಾಗಿತ್ತು.

ಹುಳಿ ಬಂದ ಟ್ಯಾಂಕಿಗೆ ಒಂದೇ ಮದ್ದು. ಹೊಸ ದಂಟು ಹಾಕಬಾರದು, ಸುಣ್ಣ ಸುರಿದು, ತಾಜಾ ಸಗಣಿ ಸೇರಿಸಿ, ಕಾಯಬೇಕು. ಎರಡು ತಿಂಗಳು ಹಿಡಿಯುತ್ತದೆ. ಅಂದರೆ ದಂಟು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಶೆಡ್ಡು ಆಗಲೇ ತುಂಬಿತ್ತು, ಟೆರೇಸಾಳ ಹೊಲದಲ್ಲಿ ಇನ್ನೂ ಮೂರರಲ್ಲಿ ಎರಡು ಪಾಲು ಪೆಂಡಿ ಬಿದ್ದಿತ್ತು. ಒಪ್ಪಂದದ ಪ್ರಕಾರ ನಮ್ಮ ತಪ್ಪಿನಿಂದ ಟ್ಯಾಂಕು ನಿಂತರೆ ಬೇರೆ ಗೋದಾಮು ಹಿಡಿದಾದರೂ ನಾವು ಎತ್ತಬೇಕು. ದಂಟೇ ಕೆಟ್ಟಿದ್ದರೆ ಎತ್ತಬೇಕಾಗಿಲ್ಲ. ಕಾರಣ ಬರೆದು ಕಳಿಸಿ ಎಂದು ಓಕ್ಲ್ಯಾಂಡಿನಿಂದ ಕೇಳಿದರು.

ಶ್ರೀಧರ್ ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡರು.

"ಮೇಡಂ, ಊಟ ಹಾಕಿದ್ವಿ ಅಂತ ಬರೆದ್ರೆ ಪರ್ಮಿಟ್ಟು ಕೊಟ್ಟ ಕೌಂಟಿಯವರು ನಾಳೆನೇ ಬೀಗ ಹಾಕ್ತಾರೆ. ನೀವು, ನಾನು, ಟ್ವಾನ್, ಎಲ್ಲರೂ ಬೀದಿಗೆ."

"ಮತ್ತೇನು ಬರೀಬೇಕು?"

"ದಂಟು ಹಸಿ ಇತ್ತು, ಬೂಷ್ಟು ಹಿಡಿದಿತ್ತು, ಅದಕ್ಕೇ ಟ್ಯಾಂಕು ಕೆಡ್ತು ಅಂತ. ಒಂದೇ ಲೈನು."

"ನಾನೇ ಮುರಿದು ನೋಡೀನ್ರಿ. ಚಟ್ಟಂತ ಮುರೀತು. ಬುಕ್ಕಿನ್ಯಾಗ ಬರದೀನಿ."

"ಆ ಬುಕ್ಕು ಈಗ ಯಾರು ನೋಡ್ತಾರೆ ಮೇಡಂ? ನಿಮಗೆ ಕೈಮುಗೀತೀನಿ."

ಯಾರೂ ಕೆಲಸ ಕೊಡದಿದ್ದಾಗ ಕೊಟ್ಟ ಮನುಷ್ಯ. ಕಣ್ಣಲ್ಲಿ ನೀರಿತ್ತು. ನನಗೂ ಸಾಕಾಗಿಹೋಗಿತ್ತು. ಜಗಳ ಆಡುವ ಶಕ್ತಿ ಇರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು, ಆದರೆ ಸಹಿ ಹಾಕುವಷ್ಟು ಶಕ್ತಿ ಇತ್ತಲ್ಲ. ಟೆರೇಸಾಳ ಹೊಲದ ಹೆಸರು ಬರೆದು, ದಂಟು ತೇವ ಮಿತಿಮೀರಿ ಬೂಷ್ಟು ಹಿಡಿದಿತ್ತು ಎಂದು ಬರೆದು ಸಹಿ ಹಾಕಿದೆ. ಬೇರೆ ಯಾರಾದರೂ ಅವಳ ದಂಟು ತೆಗೆದುಕೊಳ್ಳಬಹುದು, ಹೇಗೋ ಆಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೂಷ್ಟು ಹಿಡಿದ ದಂಟು ಎಂದು ನಾವೇ ಬರೆದುಕೊಟ್ಟ ಮೇಲೆ ಯಾರು ತೆಗೆದುಕೊಳ್ಳುತ್ತಾರೆ!

ಮುಂದಿನ ವಾರ ಟೆರೇಸಾ ಗೇಟಿನ ಹತ್ತಿರ ಬಂದಳು. ಬಯ್ಯುತ್ತಾಳೆ, ಪೆಂಡಿ ಬಿಚ್ಚಿ ನನ್ನ ಮುಖಕ್ಕೆ ಹಿಡಿಯುತ್ತಾಳೆ ಎಂದುಕೊಂಡೇ ಹೊರಗೆ ಹೋದೆ. ಅವಳ ಕೈಯಲ್ಲಿ ಒಂದು ಬುಟ್ಟಿ ಕೆಂಪು ಮೆಣಸಿನಕಾಯಿ ಇತ್ತು.

"ಮಂಗಲಾ, ಅಪ್ಪ ಹೇಳಿದ್ದೇ ಸರಿ. ಇನ್ನೆರಡು ದಿನ ಕಾಯಬೇಕಿತ್ತು. ನನ್ನ ಅವಸರದಿಂದ ನಿಮ್ಮ ಟ್ಯಾಂಕು ಹಾಳಾಯಿತು" ಎಂದಳು. "ನಿನ್ನ ಕೆಲಸಕ್ಕೆ ತೊಂದರೆ ಆಗಿದ್ದರೆ ಕ್ಷಮಿಸು."

ಹೇಳಬೇಕಾಗಿದ್ದ ಹೊತ್ತು ಅದೇ. "ಇರಲಿ ಬಿಡು ಟೆರೇಸಾ, ಎಲ್ಲರಿಂದಲೂ ತಪ್ಪಾಗುತ್ತದೆ" ಎಂದೆ. ಬುಟ್ಟಿ ಇಸಿದುಕೊಂಡೆ. ಅವಳನ್ನು ನಾನು ಕ್ಷಮಿಸಿ ಕಳಿಸಿದೆ!

ಆ ಮೆಣಸಿನಕಾಯಿ ಅರೆದು ರಂಜಕದ ಚಟ್ನಿ ಮಾಡಿದೆ. ಯಜಮಾನರು ರೊಟ್ಟಿಗೆ ಹಚ್ಚಿಕೊಂಡು, "ಛಲೋ ಆಗೇತಿ ನೋಡ" ಎಂದರು. ನಾನು ಬರೀ ಮೊಸರಿಗೆ ರೊಟ್ಟಿ ತಿಂದೆ.

ನವೆಂಬರ್ ನಡುವೆ ಮಳೆ ಹಿಡಿಯಿತು. ಹೊಲದಲ್ಲಿದ್ದ ಪೆಂಡಿಗಳು ನೆನೆದು ನಿಜವಾಗಿಯೂ ಬೂಷ್ಟು ಹಿಡಿದವು. ಅವನ್ನು ಎತ್ತಲು ಯಂತ್ರ ಕೆಸರಿನಲ್ಲಿ ಇಳಿಯಲಿಲ್ಲ. ತಿಂಗಳು ಮುಗಿಯಿತು, ಒಡೆಯ ಷರತ್ತು ತೋರಿಸಿದ, ಗೇಣಿ ಹೋಯಿತು. ಹೊಸ ವರ್ಷಕ್ಕೆ ಮುಂಚೆ ಅಪ್ಪ ಮಗಳು ಮಾರ್ಗನ್ ಹಿಲ್ ಊರೊಳಗೆ ಒಂದು ಅಪಾರ್ಟ್‌ಮೆಂಟಿಗೆ ಹೋದರೆಂದು ಟ್ವಾನ್ ಹೇಳಿದ. ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ. ಜನವರಿಯಲ್ಲಿ ನಮ್ಮ ಟ್ಯಾಂಕು ಮತ್ತೆ ಗ್ಯಾಸು ಬಿಡತೊಡಗಿತು, ದೂರದ ಬೇರೆ ಹೊಲಗಳಿಂದ ದಂಟು ತರಿಸಿದೆವು. ಊಟ ಹಾಕುವ ವಿಷಯ ಮಾತ್ರ ಆಮೇಲೆ ನಾವಿಬ್ಬರೂ ಎತ್ತಲಿಲ್ಲ. ಇನ್ನೆರಡು ವರ್ಷ ಹಾಗೇ ನಡೆದು ಕಂಪನಿ ಬಾಗಿಲು ಹಾಕಿತು, ನಾನು ಮನೆಗೆ ಬಂದೆ. ಶ್ರೀಧರ್ ಬೇರೆ ರಾಜ್ಯಕ್ಕೆ ಹೋದರು. ಹಬ್ಬಕ್ಕೆ ಮೆಸೇಜು ಕಳಿಸುತ್ತಾರೆ, ನಾನೂ ಕೈಮುಗಿದ ಚಿತ್ರ ಕಳಿಸುತ್ತೇನೆ.

ಹೋದ ವರ್ಷ ಮಾರ್ಗನ್ ಹಿಲ್‌ನಲ್ಲಿರುವ ಹಳೆಯ ಸ್ನೇಹಿತೆಯನ್ನು ನೋಡಲು ಹೋದಾಗ ದಾರಿಯಲ್ಲಿ ಹಣ್ಣಿಗೆಂದು ಒಂದು ಗ್ರೋಸರಿಗೆ ನುಗ್ಗಿದೆ. ಬಿಲ್ಲು ಮಾಡುವ ಜಾಗದಲ್ಲಿ ಟೆರೇಸಾ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ನೋಡಿ ನಕ್ಕಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

"ಇದ್ದಾರೆ. ಎಂಬತ್ತೆಂಟು. ಬೇರೆಲ್ಲ ಮರೆಯುತ್ತಾರೆ, ಅದೊಂದನ್ನು ಮರೆಯುವುದಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಟ್ಟರೆ, ಎರಡು ದಿನ ತಡೆದಿದ್ದರೆ ಹೊಲ ಉಳಿಯುತ್ತಿತ್ತು ಅನ್ನುತ್ತಾರೆ. ನಾನು ಹೌದು ಪಾಪಾ ಅನ್ನುತ್ತೇನೆ." ಹಣ್ಣು ಚೀಲಕ್ಕೆ ಹಾಕುತ್ತ ಹೇಳಿದಳು. ನನ್ನ ಹಿಂದೆ ಜನ ನಿಂತಿದ್ದರು.

ಮನೆಗೆ ಬಂದು ಯಜಮಾನರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಅವರಿಗೂ ಹೇಳಿರಲಿಲ್ಲ.

"ಮತ್ತ ನನ್ನ ಮುಂದ ಯಾಕ ಅಳತಿ? ಅಲ್ಲಿ ಹೋಗಿ ಹೇಳಿ ಬಾ."

"ಈಗ ಹೇಳಿದ್ರ ಹೊಲಾ ತಿರುಗಿ ಬರತೈತೇನ್ರಿ? ಅಲ್ಲಿ ಗೋದಾಮು ಎದ್ದೈತಿ."

"ಹೊಲಾ ಬರೂದಿಲ್ಲ. ಆದ್ರ ಆ ಮುದುಕ ಇನ್ನೂ ಎಷ್ಟು ಮುಂಜಾನಿ ಆಕೀಗೆ ಅದನ್ನ ಅನ್ಬೇಕು?"

ಅವರು ಹೇಳಿದ ಮೇಲೂ ಮೂರು ವಾರ ತಡೆದೆ. ಮುಚ್ಚಿದ ಕಂಪನಿಯ ವಕೀಲರಿಗೆ, ಹೊಲದ ಒಡೆಯನಿಗೆ ನಿಜ ಬರೆದು, ಮನೆಗೆ ತಂದಿಟ್ಟುಕೊಂಡಿದ್ದ ಹಳೆಯ ನೋಟ್‌ಬುಕ್ಕಿನ ಆ ಪುಟದ ನಕಲು ಇಟ್ಟು ಕಳಿಸಿದೆ. ಯಾರೂ ಉತ್ತರ ಬರೆಯಲಿಲ್ಲ. ಕಾಗದ ಬರೆಯುವುದು ಸುಲಭದ ಕೆಲಸ, ಅದಕ್ಕೇ ಮೊದಲು ಅದನ್ನು ಮಾಡಿದೆ. ಕೆಲಸಕ್ಕೆ ಸೇರುವ ಮಕ್ಕಳಿಗೆ ಇಷ್ಟು ಹೇಳಬಲ್ಲೆ: ಟ್ಯಾಂಕು ಕೆಡುತ್ತದೆ, ಯಾರ ಕೈಯಲ್ಲಾದರೂ ಕೆಡುತ್ತದೆ, ಅದಕ್ಕೆ ಹೆದರಬೇಡಿ. ಕೆಟ್ಟ ದಿನ ರಿಪೋರ್ಟಿನಲ್ಲಿ ನಿಮ್ಮ ಹೆಸರೇ ಬರೆಯಿರಿ.

ಟ್ವಾನ್‌ನನ್ನು ಕೇಳಿ ವಿಳಾಸ ತಿಳಿದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಟೆರೇಸಾಳ ಮನೆಯ ಬಾಗಿಲು ತಟ್ಟಿದೆ. ಎರಡನೇ ಮಹಡಿ, ಮೆಟ್ಟಿಲು ಹತ್ತಿ ಏದುಸಿರು ಬರುತ್ತಿತ್ತು. ಹೊಸಿಲಲ್ಲಿ ನಿಂತೇ ಹೇಳಿದೆ. ಅನ್ನ ಸುರಿದದ್ದು, ಹುಳಿ ಬಂದದ್ದು, ನಾನು ಬರೆದ ಸಾಲು, ಎಲ್ಲ. ನೋಟ್‌ಬುಕ್ಕಿನ ಪುಟ ಕೈಗೆ ಕೊಟ್ಟೆ. ಅವಳು ಅದನ್ನು ಓದಿದಳು. ನನ್ನ ಮೊಣಕೈ ಹಿಡಿದು ಒಳಗೆ ಎಳೆದಳು.

"ನನಗಲ್ಲ, ಅವರಿಗೆ ಹೇಳು."

ಮನುವೆಲ್ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು, ಮಡಿಲಲ್ಲಿ ಕಂಬಳಿ. ಅವರಿಗೆ ಇಂಗ್ಲಿಷ್ ಬಾರದು. ನಾನು ಅವರ ಮುಂದೆ ನಿಂತು ಹೇಳಿದೆ: "ನಿಮ್ಮ ಮಗಳ ದಂಟು ಚೆನ್ನಾಗಿ ಒಣಗಿತ್ತು. ಟ್ಯಾಂಕು ಕೆಡಿಸಿದವರು ನಾವು. ಅವಳ ಮೇಲೆ ಸುಳ್ಳು ಬರೆದವಳು ನಾನು."

ಟೆರೇಸಾ ಸ್ಪ್ಯಾನಿಷಿನಲ್ಲಿ ಹೇಳಲು ಬಾಯಿ ತೆರೆದಳು. ನನ್ನ ಕಡೆ ತಿರುಗಿ, "ಮೊದಲನೇದು ಇನ್ನೊಂದು ಸಲ ಹೇಳು" ಎಂದಳು.

"ನಿಮ್ಮ ಮಗಳ ದಂಟು ಚೆನ್ನಾಗಿ ಒಣಗಿತ್ತು" ಎಂದೆ.

ಆಗ ಅವಳು ಹೇಳಿದಳು. ಪೂರ್ತಿ ಹೇಳಿದಳು. ಮುದುಕರು ಕೇಳಿಸಿಕೊಂಡರು, ಎರಡು ದಿನ ಎಂಬ ಹಾಗೆ ಎರಡು ಬೆರಳೆತ್ತಿ ಏನೋ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಆ ಕೈಯನ್ನು ಅವರು ಹಾಗೇ ಚಾಚಿ ಮಗಳ ಕೈ ಹಿಡಿದುಕೊಂಡರು. ಆಮೇಲೆ ಅವರು ಅಂದದ್ದು ನನಗೂ ಅರ್ಥವಾಯಿತು, ಆರು ವರ್ಷ ಆ ಹೊಲಗಳಲ್ಲಿ ಓಡಾಡಿದವಳಿಗೆ ಅಷ್ಟು ಸ್ಪ್ಯಾನಿಷ್ ಬರುತ್ತದೆ. ನನ್ನನ್ನು ಕ್ಷಮಿಸು ಮಗಳೇ ಎಂದರು.

ಟೆರೇಸಾ ಅವರ ಮಂಡಿಗೆ ತಲೆಯಿಟ್ಟು ಕೂತಳು. ನಾನೂ ಹೇಳಬೇಕಲ್ಲ, ಹೇಳಲೆಂದೇ ಬಂದವಳು. "ಟೆರೇಸಾ, ನನ್ನನ್ನೂ..." ಎಂದೆ.

ಅವಳು ತಲೆಯೆತ್ತಲಿಲ್ಲ. "ಬಾಗಿಲು ಎಳೆದುಕೊಂಡು ಹೋಗು, ಮಂಗಲಾ" ಎಂದಳು.

ಎಳೆದುಕೊಂಡು ಬಂದೆ.